ಒತ್ತಿದರೆ ಬಿಚ್ಚುವ ಕೊಂಡಿ

"ಗುರುಗಳೆ, ಯಾರ ಹಂಗೂ ಇಲ್ಲದೆ ಬದುಕುವುದೇ ದೊಡ್ಡ ಬಿಡುಗಡೆ ಅಲ್ಲವೆ?"

ಹೊಳೆಯ ದಂಡೆಯ ಮಠದ ಜಗುಲಿಯಲ್ಲಿ ಮರುಳಯ್ಯ ಈ ಪ್ರಶ್ನೆ ಕೇಳಿದ. ಅವನ ದನಿಯಲ್ಲಿ ಪ್ರಶ್ನೆಗಿಂತ ಹೆಮ್ಮೆಯೇ ಹೆಚ್ಚಿತ್ತು. ಮಠದಿಂದ ಹೊಳೆಗೆ ನಲವತ್ತು ಮೆಟ್ಟಿಲು. ಗುರುಗಳ ಕಣ್ಣು ಮಂಜಾದ ಮೇಲೆ ಹನ್ನೊಂದು ವರ್ಷ ಅವನೇ ದಿನಾ ಬೆಳಗ್ಗೆ ಕೈ ಹಿಡಿದು ಅವರನ್ನು ಸ್ನಾನಕ್ಕೆ ಇಳಿಸಿದ್ದ, ಕೈ ಹಿಡಿದು ಹತ್ತಿಸಿದ್ದ. ಹೋದ ವಾರ ಮೆಟ್ಟಿಲ ಉದ್ದಕ್ಕೂ ಬಿದಿರಿನ ಗಳ ಕಟ್ಟಿದ. ಈಗ ಗುರುಗಳು ಗಳ ಹಿಡಿದುಕೊಂಡು ತಾವೇ ಹೋಗಿ ಬರುತ್ತಾರೆ. ಆ ಹೊತ್ತಿಗೆ ಅವನು ನಿಶ್ಚಿಂತೆಯಾಗಿ ಜಪಕ್ಕೆ ಕೂರುತ್ತಾನೆ.

ಬಿಸಿಲೇರಿತ್ತು. ಗುರುಗಳು ಕಂಬಳಿ ಹೊದ್ದು ಕೂತಿದ್ದರು.

"ಕೂತುಕೋ ಮಾರಾಯ," ಎಂದರು. "ನಿನಗೀಗ ಬೇಕಾದಷ್ಟು ಬಿಡುವು ಇದೆಯಲ್ಲ, ಒಂದು ಕತೆ ಕೇಳು."

ಒಂದು ಕೋಟೆ ಇತ್ತು. ಆ ಕೋಟೆಯ ಬಿಲ್ಲುಗಾರರು ಎಡಗೈಯ ಮಣಿಕಟ್ಟಿಗೆ ತೊಗಲಿನ ಪಟ್ಟಿ ಕಟ್ಟುತ್ತಿದ್ದರು. ಬಾಣ ಬಿಟ್ಟಾಗ ಹೆದೆ ಬಂದು ಕೈಗೆ ಬಡಿದರೆ ಚರ್ಮ ಸುಲಿದುಹೋಗುತ್ತದೆ, ಅದಕ್ಕೆ ಪಟ್ಟಿ. ಪಟ್ಟಿಯ ಮೇಲೆ ಸಣ್ಣ ಬಾರನ್ನು ಮೂರು ಸುತ್ತು ಸುತ್ತಿ, ಬಿಗಿದು, ಎರಡು ಗಂಟು ಹಾಕಬೇಕು. ಒಂದೇ ಕೈಯಲ್ಲಿ ಆ ಗಂಟು ಹಾಕುವುದು ಯಾರಪ್ಪನಿಂದಲೂ ಆಗದು. ಆದ್ದರಿಂದ ಪ್ರತಿಯೊಬ್ಬನಿಗೂ ಒಬ್ಬ ಜೋಡಿ ಇದ್ದ. ಬೆಳಗ್ಗೆ ಇವನ ಕೈಗೆ ಅವನು ಕಟ್ಟುವನು, ಅವನ ಕೈಗೆ ಇವನು. ಸಂಜೆ ಬಿಚ್ಚುವುದೂ ಹಾಗೆಯೇ. ಪಟ್ಟಿ ಕಟ್ಟಿಕೊಂಡವನು ಅನ್ನಕ್ಕೆ ಕೂರುವಂತಿಲ್ಲ, ಮಗುವನ್ನು ಎತ್ತುವಂತಿಲ್ಲ. ಕೊಲ್ಲುವುದಕ್ಕೆಂದು ಕಟ್ಟಿದ ಕೈ ಅದು. ಬಾರನ್ನು ಕತ್ತರಿಸುವಂತೆಯೂ ಇಲ್ಲ, ಕತ್ತರಿಸಿದರೆ ಜೋಡಿಯ ಆಯುಸ್ಸಿಗೆ ಕೇಡು ಎಂದು ನಂಬಿದ್ದರು. ಜೋಡಿ ಸತ್ತರೆ ಅವನ ಕೈಯ ಪಟ್ಟಿಯನ್ನು ಉಳಿದವನೇ ಬಿಚ್ಚಿ ಹೆಣವನ್ನು ಮಣ್ಣಿಗೆ ಕಳಿಸಬೇಕು. ಇವಿಷ್ಟು ಅವರ ಕಟ್ಟಳೆ.

ಅಲ್ಲಿ ದುಗ್ಗಪ್ಪ ಎಂಬ ಬಿಲ್ಲುಗಾರನಿದ್ದ. ಅವನ ಜೋಡಿಯ ಹೆಸರು ಓಬಳ. ಹದಿನೆಂಟು ವರ್ಷ ಒಂದೇ ಕೊತ್ತಳದ ಮೇಲೆ ಭುಜಕ್ಕೆ ಭುಜ ಕೊಟ್ಟು ನಿಂತವರು. ದುಗ್ಗಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಓಬಳನ ಬಾಯಿಗೆ ಬೀಗವೇ ಇಲ್ಲ. ಬಾರು ಹಿಡಿದು ನಿಂತನೆಂದರೆ ಊರಿನ ಸುದ್ದಿಯೆಲ್ಲ ಮುಗಿಯದೆ ಗಂಟು ಬೀಳುತ್ತಿರಲಿಲ್ಲ. ಯಾರ ಮನೆಯ ಎಮ್ಮೆ ಕರು ಹಾಕಿತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಎಲ್ಲವೂ ದುಗ್ಗಪ್ಪನ ಮಣಿಕಟ್ಟಿನ ಮೇಲೆಯೇ ಇತ್ಯರ್ಥವಾಗಬೇಕು. "ಬೇಗ ಕಟ್ಟಯ್ಯಾ, ನಿನ್ನ ಪುರಾಣ ಕೇಳೋಕೆ ನಾನೇನು ಕಟ್ಟೆ ಮೇಲೆ ಕೂತಿದೀನಾ?" ಎಂದು ಇವನು ಗದರುವನು. ಅವನು ನಗುವನು. ಹಲ್ಲು ಬಿಡುವುದರಲ್ಲಿ ಎತ್ತಿದ ಕೈ ಓಬಳನದು.

ಒಂದು ಸಲ ಹಾಗೆ ಕಟ್ಟುತ್ತ ಕಟ್ಟುತ್ತ ಓಬಳನ ಮಾತು ನಿಂತುಹೋಯಿತು.

"ದುಗ್ಗಣ್ಣಾ, ಇದೇನೋ ಬಾರು ನಾಲ್ಕನೇ ಸುತ್ತು ಬರ್ತಾ ಇದೆ?"

"ಬಂದರೆ ಬರಲಿ, ಕಟ್ಟು."

"ಥೂ, ಸುಮ್ಮನಿರು. ಹೋದ ತಿಂಗಳು ಮೂರು ಸುತ್ತಿಗೆ ಕಷ್ಟಪಟ್ಟು ಸಾಲುತ್ತಿತ್ತು. ಕೈ ಬೇರೆ ಸುಡ್ತಾ ಇದೆ. ನಡಿ, ವೈದ್ಯರ ಹತ್ತಿರ ನಡಿ."

ದುಗ್ಗಪ್ಪನ ಹೊಟ್ಟೆಯೊಳಗೆ ಗಡ್ಡೆ ಬೆಳೆಯುತ್ತಿತ್ತು. ತಿಂಗಳಿಂದ ಅನ್ನ ಸೇರುತ್ತಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಬಿಲ್ಲೆಳೆಯಲಾರದವನಿಗೆ ಕೋಟೆಯಲ್ಲಿ ಜಾಗವಿಲ್ಲ, ಬಾಯಿ ಬಿಟ್ಟು ಹೇಳುವವರು ಯಾರು? ಆ ಸಲ ಅವನು ಬದುಕಿದ್ದು ಓಬಳ ಕೈ ಹಿಡಿದಿದ್ದರಿಂದ. ಎದ್ದು ಓಡಾಡುವಂತಾದ ಮೇಲೆ ಅದನ್ನು ಮರೆತ. ಮನುಷ್ಯನಲ್ಲವೆ, ಮರೆತ.

ವರ್ಷಗಳು ಕಳೆದವು. ಮದುವೆಯಾಗಿ ಬಹಳ ಕಾಲದ ಮೇಲೆ ದುಗ್ಗಪ್ಪನ ಹೆಂಡತಿ ಹೆಣ್ಣು ಹೆತ್ತಳು. ಸುದ್ದಿ ಬಂದದ್ದು ಪಹರೆ ಮುಗಿಯುವ ಹೊತ್ತಿಗೆ. ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದ. ಹೊಸಲಿನ ಹತ್ತಿರ ಬಂದು ಕೈ ನೋಡಿಕೊಂಡರೆ ಪಟ್ಟಿ ಇನ್ನೂ ಕೈಯಲ್ಲೇ ಇದೆ. ಓಬಳನನ್ನು ದಳವಾಯಿ ಕೆಳಬಾಗಿಲಿಗೆ ಕಳಿಸಿದ್ದ. ಒಳಗೆ ಮಗು ಅಳುತ್ತಿತ್ತು. ಇವನು ಅಂಗಳದಲ್ಲಿ ನಿಂತು ಬೆವರಿನಿಂದ ಬಿಗಿದುಹೋಗಿದ್ದ ಗಂಟನ್ನು ಹಲ್ಲಿನಿಂದ ಕಚ್ಚಿದ. ತುಟಿ ಹರಿಯಿತು, ಗಂಟು ಬಿಚ್ಚಲಿಲ್ಲ. ಮಗು ಅತ್ತು ಅತ್ತು ಮಲಗಿದ ಮೇಲೆ ಓಬಳ ಬಂದ. ದಾರಿಯಲ್ಲಿ ಯಾರಿಗೋ ಈ ಸಂತೋಷದ ಸುದ್ದಿ ಹೇಳುತ್ತ ನಿಂತಿದ್ದನಂತೆ.

"ನಿನ್ನ ಬಾಯಿಗಿಷ್ಟು ಮಣ್ಣು ಹಾಕ!" ಎಂದು ದುಗ್ಗಪ್ಪ ಕೂಗಾಡಿದ. "ನನ್ನ ಮಗಳನ್ನ ಎತ್ತಿಕೊಳ್ಳೋಕೆ ನಿನ್ನ ಅಪ್ಪಣೆ ಕಾಯಬೇಕಾ ನಾನು?"

ಓಬಳ ಈ ಸಲ ನಗಲಿಲ್ಲ. ಗಂಟು ಬಿಚ್ಚಿಕೊಟ್ಟು ಹೋದ.

ಮರುದಿನವೇ ದುಗ್ಗಪ್ಪ ಕಂಚುಗಾರ ಮೌನಾಚಾರಿಯ ಕುಲುಮೆಗೆ ಹೋದ. ಒಂದೇ ಕೈಯಲ್ಲಿ ಹಾಕಿ ಒಂದೇ ಕೈಯಲ್ಲಿ ತೆಗೆಯುವಂಥದ್ದು ಏನಾದರೂ ಮಾಡಿಕೊಡು ಎಂದ. ಮೌನಾಚಾರಿಯ ಕೈಯಲ್ಲಿ ಕಸುಬು ಕುಣಿಯುತ್ತಿತ್ತು. ವಾರದೊಳಗೆ ಕಂಚಿನ ಕೊಂಡಿ ಮಾಡಿದ. ಪಟ್ಟಿಯ ತುದಿಯಲ್ಲಿ ಮೂರು ತೂತು. ಕೊಂಡಿಯ ಮುಳ್ಳನ್ನು ಬೇಕಾದ ತೂತಿಗೆ ಸಿಕ್ಕಿಸಿದರೆ ಬಿಗಿಯಾಗಿ ಕೂರುತ್ತದೆ. ಪಕ್ಕದ ಸಣ್ಣ ನಾಲಗೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಟಕ್ಕನೆ ಬಿಚ್ಚಿ ಪಟ್ಟಿ ಕೆಳಗೆ ಬೀಳುತ್ತದೆ. ದುಗ್ಗಪ್ಪ ಹಾಕಿದ, ಒತ್ತಿದ, ಹಾಕಿದ, ಒತ್ತಿದ. ಆಹಾ! ಸಂಜೆ ಬಾಗಿಲಲ್ಲೇ ಟಕ್ಕೆನಿಸಿ ಒಳಗೆ ಹೋಗಿ ಮಗಳನ್ನು ಎತ್ತಿಕೊಂಡ. ಅವನಿಗಾದ ಸುಖ ಸುಳ್ಳಲ್ಲ.

ತಿಂಗಳೊಳಗೆ ಕೋಟೆಯವರೆಲ್ಲ ಕೊಂಡಿ ಹಾಕಿಸಿಕೊಂಡರು. ಎಲ್ಲರಿಗಿಂತ ಕೊನೆಗೆ ಓಬಳನೂ ಹಾಕಿಸಿಕೊಂಡ. ಬೆಳಗ್ಗೆ ನಗಾರಿ ಬಾರಿಸುವಷ್ಟರಲ್ಲಿ ಪ್ರತಿಯೊಬ್ಬನೂ ಮನೆಯಿಂದಲೇ ಕಟ್ಟಿಕೊಂಡು ಬಂದು ನೇರ ತನ್ನ ಜಾಗದಲ್ಲಿ ನಿಲ್ಲುತ್ತಿದ್ದ. ಕೋಟೆಯ ಬೆಳಗು ಸದ್ದಿಲ್ಲದಂತಾಯಿತು. ದಳವಾಯಿಗೆ ಬಹಳ ಮೆಚ್ಚುಗೆಯಾಯಿತು.

ಹೀಗೆ ಆರೇಳು ತಿಂಗಳಾದ ಮೇಲೆ ಒಂದು ಬೆಳಗ್ಗೆ ಓಬಳ ಪಟ್ಟಿಯನ್ನು ಬಲಗೈಯಲ್ಲಿ ಹಿಡಿದುಕೊಂಡು ಬಂದ. ಎಡಗೈಯನ್ನು ಹಳೆಯ ರೂಢಿಯಂತೆ ದುಗ್ಗಪ್ಪನ ಮುಂದೆ ಚಾಚಿದ.

"ಇವತ್ತೊಂದು ದಿನ ನೀನೇ ಕಟ್ಟೋ."

"ಯಾಕೆ, ಕೊಂಡಿ ಕೆಟ್ಟುಹೋಯ್ತಾ?"

"ಕೊಂಡಿಗೇನು ಕೇಡು, ಚೆನ್ನಾಗೇ ಇದೆ."

"ಮತ್ತೆ? ಮದುವೆ ಗಂಡಿಗೆ ಕಂಕಣ ಕಟ್ಟಿದ ಹಾಗೆ ನಿನಗೆ ನಾನು ಕಟ್ಟಬೇಕಾ?" ದುಗ್ಗಪ್ಪ ನಕ್ಕು ತನ್ನ ಜಾಗಕ್ಕೆ ಹೋದ. ಅಕ್ಕಪಕ್ಕದವರೂ ನಕ್ಕರು. ಓಬಳ ಸ್ವಲ್ಪ ಹೊತ್ತು ಕೈ ಚಾಚಿಕೊಂಡೇ ನಿಂತಿದ್ದ. ಆಮೇಲೆ ತಾನೇ ಕಟ್ಟಿಕೊಂಡ. ಅವತ್ತಿನಿಂದ ಅವನ ಮಾತೂ ಕಡಿಮೆಯಾಯಿತು. ದುಗ್ಗಪ್ಪ ಅದನ್ನು ಗಮನಿಸಿದ. ಅಬ್ಬಾ, ಕೊನೆಗೂ ಇವನಿಗೆ ಬುದ್ಧಿ ಬಂತಲ್ಲ ಎಂದುಕೊಂಡ.

ಮಾಗಿ ಕಳೆಯುತ್ತಲೇ ಪಕ್ಕದ ಸೀಮೆಯವರು ದಂಡೆತ್ತಿ ಬಂದರು. ಕೊತ್ತಳದ ಕೆಳಗೆ ಏಣಿ ಹಚ್ಚಿದರು. ಜೋಡಿಯಲ್ಲಿ ಒಬ್ಬ ಬಾಣ ಹೂಡುವಾಗ ಇನ್ನೊಬ್ಬ ಹೊಡೆಯಬೇಕು. ಇಬ್ಬರ ನಡುವೆ ಉಸಿರಾಡುವಷ್ಟೂ ತೆರಪಿರಬಾರದು. ದುಗ್ಗಪ್ಪ ಹೊಡೆದು ಬತ್ತಳಿಕೆಗೆ ಕೈ ಹಾಕಿದ. ಓಬಳ ಎಳೆದ. ಹೆದೆ ಅರ್ಧಕ್ಕೆ ಬಂದು ನಿಂತಿತು. ಬಾಣ ಹಾರಲಿಲ್ಲ, ಗೋಡೆಯ ಬುಡದಲ್ಲಿ ಬಿತ್ತು. "ಎಳೆಯೋ! ಎಳೆಯೋ ಓಬಳಾ!" ಎಂದು ದುಗ್ಗಪ್ಪ ಕಿರುಚುವಷ್ಟರಲ್ಲಿ ಕೆಳಗಿನಿಂದ ಬಂದ ಬಾಣ ಓಬಳನ ಕುತ್ತಿಗೆಗೆ ನಾಟಿತು. ಆ ದಿನ ಕೋಟೆ ಉಳಿಯಿತು. ಓಬಳ ಉಳಿಯಲಿಲ್ಲ.

ಸಂಜೆ ಹೆಣಗಳನ್ನು ಸಾಲಾಗಿ ಮಲಗಿಸಿದರು. ಕಟ್ಟಳೆಯಂತೆ ದುಗ್ಗಪ್ಪ ಕೂತು ಓಬಳನ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಎಷ್ಟು ತಿಂಗಳಾಗಿತ್ತೋ ಆ ಕೈ ಹಿಡಿದು! ಅದು ಅವನು ಬಲ್ಲ ಕೈಯಾಗಿರಲಿಲ್ಲ. ಎಳೆಯ ಮಗುವಿನ ಕೈಯ ಹಾಗೆ ಆ ಮಣಿಕಟ್ಟು ಅವನ ಹೆಬ್ಬೆರಳು ತೋರುಬೆರಳುಗಳ ನಡುವೆ ಸಿಕ್ಕಿತು. ಹಿಂದೆ ಸತ್ತ ಜೋಡಿಯ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯುತ್ತಿತ್ತು. ಬಿಚ್ಚುವವರು ಅಷ್ಟೂ ಹೊತ್ತು ಅಳುತ್ತಿದ್ದರು, ಬೈಯುತ್ತಿದ್ದರು, ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುತ್ತಿದ್ದರು. ದುಗ್ಗಪ್ಪ ನಾಲಗೆಯನ್ನು ಒತ್ತಿದ. ಟಕ್ ಎಂದಿತು. ಪಟ್ಟಿ ಬಿದ್ದೇಬಿಟ್ಟಿತು. ಅಳು ಇನ್ನೂ ಗಂಟಲಿಗೂ ಬಂದಿರಲಿಲ್ಲ.

ಪಟ್ಟಿಯನ್ನು ಎತ್ತಿ ನೋಡಿದ. ಮೌನಾಚಾರಿ ಹಾಕಿಕೊಟ್ಟ ಮೂರು ತೂತುಗಳು ಇದ್ದವು. ಅವುಗಳ ಒಳಗಡೆಗೆ ಇನ್ನೂ ನಾಲ್ಕು ತೂತುಗಳಿದ್ದವು. ಅವು ಕಸುಬುದಾರನ ಕೈಯವಲ್ಲ. ಬಾಣದ ಮೊನೆಯಿಂದ ಯಾರೋ ಒಬ್ಬನೇ ಕೂತು ಚುಚ್ಚಿಕೊಂಡ ಸೊಟ್ಟ ಸೊಟ್ಟ ತೂತುಗಳು. ಒಂದೊಂದರ ಸುತ್ತಲೂ ಮುಳ್ಳು ಕೂತು ಸವೆದ ಗುರುತಿತ್ತು. ಅಂದರೆ ಒಂದೊಂದರಲ್ಲಿಯೂ ಅವನು ದಿನಗಟ್ಟಲೆ ಕಳೆದಿದ್ದ. ತೂತಿನಿಂದ ತೂತಿಗೆ ಕರಗುತ್ತ ಬಂದಿದ್ದ. ಒಂದು ಮೊಳ ದೂರದಲ್ಲಿ ದಿನಾ ನಿಂತಿದ್ದ ದುಗ್ಗಪ್ಪನಿಗೆ ಗೊತ್ತಾಗಿರಲಿಲ್ಲ. ಚಾಚಿದ ಕೈಯನ್ನೂ ನಕ್ಕು ಕಳಿಸಿದ್ದ.

ಆಗ ಅತ್ತ. ಎದೆ ಎದೆ ಬಡಿದುಕೊಂಡು ಅತ್ತ. ಕೇಳಬೇಕಾದವನು ಕೇಳುವಂತಿರಲಿಲ್ಲ.

ಮರುದಿನ ಆ ಪಟ್ಟಿಯನ್ನು ತಂದು ಮೌನಾಚಾರಿಯ ಮುಂದೆ ಎಸೆದ.

"ಎಂಥಾ ಹಾಳು ವಸ್ತು ಮಾಡಿಕೊಟ್ಟೆ ಆಚಾರಿ! ನನ್ನ ಓಬಳನ್ನ ತಿಂತಲ್ಲೋ ಇದು!"

ಮೌನಾಚಾರಿ ಪಟ್ಟಿಯನ್ನು ಎತ್ತಿ ಧೂಳು ಒರೆಸಿದ. ನಾಲ್ಕು ಸೊಟ್ಟ ತೂತುಗಳ ಮೇಲೆ ಬೆರಳಾಡಿಸಿದ. ಅವನ ಕಣ್ಣೂ ತುಂಬಿತು.

"ನೀನು ಕೇಳಿದೆ, ನಾನು ಕೊಂಡಿ ಮಾಡಿದೆ ದುಗ್ಗಪ್ಪಾ. ಕೈ ಹಿಡೀಬೇಡ ಅಂತ ನಾನು ಹೇಳಿದ್ನಾ?"

ದುಗ್ಗಪ್ಪ ತನ್ನ ಕೊಂಡಿಯನ್ನು ಕಿತ್ತು ಕುಲುಮೆಯಲ್ಲೇ ಬಿಟ್ಟ. ಹಳೆಯ ಬಾರನ್ನು ಹುಡುಕಿ ತೆಗೆದ. ಮರುಬೆಳಗ್ಗೆ ಪಟ್ಟಿ, ಬಾರು ಹಿಡಿದು ಕೊತ್ತಳದ ಬಾಗಿಲಲ್ಲಿ ಎಡಗೈ ಚಾಚಿ ನಿಂತ. ಬಿಲ್ಲುಗಾರರು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದರು. ಇವನಿಗೆ ತಲೆ ಕೆಟ್ಟಿದೆ ಎಂದು ಕೆಲವರು ಮರುಗಿದರು, ಕೆಲವರು ಅವಸರದಲ್ಲಿ ನೋಡಲೇ ಇಲ್ಲ. ನಗಾರಿ ನಿಂತಿತು. ಅವನ ಕೈಗೆ ಪಟ್ಟಿ ಬಿದ್ದಿರಲಿಲ್ಲ. ಮೂರು ದಿನ ಹೀಗೆ ನಿಂತ. ನಾಲ್ಕನೆಯ ದಿನ ದಳವಾಯಿ ಅವನನ್ನು ಕೋಟೆಯ ಕೆಲಸದಿಂದ ತೆಗೆದುಹಾಕಿದ.

ಗುರುಗಳು ಕತೆ ನಿಲ್ಲಿಸಿ ಕಂಬಳಿಯನ್ನು ಎಳೆದು ಹೊದ್ದುಕೊಂಡರು. ಮೆಟ್ಟಿಲ ಮೇಲಿನ ಬಿದಿರಿನ ಗಳ ಬಿಸಿಲಿಗೆ ಹೊಳೆಯುತ್ತಿತ್ತು. ಮರುಳಯ್ಯ ಅದರ ಕಡೆ ನೋಡಿದ. ಅವನಿಗೆ ಸ್ವಲ್ಪ ಕಸಿವಿಸಿಯಾಯಿತು, ಆದರೂ ಬಿಟ್ಟುಕೊಡಲು ಮನಸ್ಸಿರಲಿಲ್ಲ.

"ಆಚಾರಿ ಹೇಳಿದ್ದು ಸರಿಯೇ ಅಲ್ಲವೆ ಗುರುಗಳೆ? ಕೊಂಡಿಯದೇನೂ ತಪ್ಪಿಲ್ಲ. ಹಾಗಾದರೆ ನಾನು ಕಟ್ಟಿದ ಗಳವೂ ಒಳ್ಳೆಯದೇ."

"ಒಳ್ಳೆಯ ಗಳ ಮರುಳಯ್ಯಾ, ಮೂರು ದಿನದಿಂದ ನನ್ನ ಕೈ ಜ್ವರದಿಂದ ಸುಡುತ್ತಿರುವುದು ಅದೊಂದಕ್ಕೇ ಗೊತ್ತು."