ಅವರೆ ಕಾಳಿನೊಳಗಿನ ನೂಲು

ಅಜ್ಜಿ ಹೇಳ್ತಿದ್ದ ಕತೆ ಇದು, ಚೆನ್ನಿ. ಇನ್ಮೇಲೆ ತಾತನ ಬಾಯಲ್ಲಿ ಕೇಳು.

ಒಂದಾನೊಂದು ಕಾಲದಲ್ಲಿ, ಮಣ್ಣಿನ ಕೆಳಗೆ ಒಂದು ಅವರೆ ಕಾಳು ಮೊಳೀತಿತ್ತಂತೆ. ಆ ಮೊಳಕೆಯೊಳಗೆ ಸಾಲು ಸಾಲು ಕೋಣೆ, ಅದರಲ್ಲಿ ಒಂದು ಕೋಣೆ. ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದರಲ್ಲಿ ಒಬ್ಬ ಅವ್ವ, ಮೂವರು ಹೆಣ್ಣುಮಕ್ಕಳು.

ಸಕ್ಕರೆ ತಿಂದು, ಬಾಯಿಂದ ನೂಲು ಬಿಟ್ಟು, ಗೋಡೆಗೆ ಅಂಟಿಸೋದು ಅವರ ಕಸುಬು. ನೂಲು ಉದ್ದವಾದಂಗೆ ಅದೇ ಅವರನ್ನ ಮುಂದಕ್ಕೆ ತಳ್ಳೋದಂತೆ. ದಾರಿ ತಪ್ಪಬಾರದು ಅಂತ ಅವ್ವ ಕೋಣೆ ಸುತ್ತ ಬಳೆ ಹಂಗೆ ಜಾಡು ಹಾಕಿಟ್ಟಿದ್ಲಂತೆ, ಗಾಡಿ ಜಾಡು ಇರುತ್ತಲ್ಲ, ಹಂಗೆ.

ಆ ಕೋಣೇಲಿ ನೀರಪ್ಪನೂ ಇದ್ದ. ಕುಡಿದು ಕುಡಿದು ಊದೋನು. ಜಾಗ ಬಿಡ್ರೇ ಅಂತ ಗೋಡೆ ಒತ್ತೋನು. ಗೋಡೆ ಒಡೆದ್ರೆ ಎಲ್ಲರೂ ಸತ್ತಂಗೆ. ಕಾಳಲ್ಲಿದ್ದ ಸಕ್ಕರೆ ಬುತ್ತಿ ಮೂರೇ ತುತ್ತು. ಅದು ಮುಗಿಯೋದ್ರೊಳಗೆ ಮೊಳಕೆ ಉದ್ದ ಬೆಳೆದು ಬೆಳಕು ಮುಟ್ಟಬೇಕು. ಇಲ್ದಿದ್ರೆ ಮಣ್ಣಲ್ಲೇ ಕೊಳೀಬೇಕು.

ಆಮೇಲೆ ಪಕ್ಕದ ಗೌರಿಹೂವಿನ ಗೆಡ್ಡೆಯಿಂದ ವಿಷ ಇಳೀತಂತೆ. ಜಾಡೆಲ್ಲ ಕರಗಿತು. ಜಾಡು ಉಳಿಸೋಕೆ ಹೋದ ಅವ್ವನೂ ಕರಗಿದ್ಲು.

ಕತ್ತಲು. ಮೂವರೂ ಕೂಗಿದ್ರು. ಅವ್ವ ಓಗೊಡಲಿಲ್ಲ. ಯಾಕ್ರವ್ವ ಕೆಲಸ ನಿಲ್ಲಿಸಿದ್ರಿ, ನಾನಂತೂ ಒತ್ತೋದು ನಿಲ್ಲಿಸಲ್ಲ ಅಂತ ನೀರಪ್ಪ ಅಂದನಂತೆ.

ಮೊದಲ ತುತ್ತು ದೊಡ್ಡವಳು ತಿಂದ್ಲು. ಮೇಲಕ್ಕೇ ಅಲ್ವಾ ಹೋಗಬೇಕು ಅಂತ ನೂಲು ಕೆಳಗಿಂದ ಮೇಲಕ್ಕೆ ನೆಟ್ಟಗೆ ಎಳೆದ್ಲು. ನೀರಪ್ಪ ಒತ್ತಿದಂಗೆ ಗೋಡೆ ಕುಂಬಳಕಾಯಿ ಹಂಗೆ ಸೊಂಟದಲ್ಲಿ ಉಬ್ಬಿತು. ಟಿಕ್ ಅಂತ ಸದ್ದು ಬಂತು.

ಎರಡನೇ ತುತ್ತು ನಡುವಿನವಳು ತಿಂದು, ಹೆದರಿಕೆಗೆ ಅಡ್ಡಾದಿಡ್ಡಿ ಓಡಿದ್ಲು. ಕೋಣೆ ಚೆಂಡಿನಂಗೆ ದುಂಡಗಾಯ್ತು. ಮೇಲಕ್ಕೆ ಕೂದಲೆಳೆಯಷ್ಟೂ ಹೋಗಲಿಲ್ಲ. ಗೋಡೆ ಮತ್ತೆ ಟಿಕ್ ಅಂತು.

ಆಮೇಲೆ ಚಿಕ್ಕವಳು. ಅವಳು ಗೋಡೆ ಪಕ್ಕ ಕೂತುಬಿಟ್ಲು. ಏಳೇ, ಸಾಯೋಕೆ ಕೂತಿದ್ದೀಯಾ ಅಂತ ಅಕ್ಕಂದಿರು ಬೈದ್ರು. ಅವಳು ಕೂತಲ್ಲೇ ಗೋಡೆ ತಡವಿದ್ಲಂತೆ. ಬೆರಳಿಗೆ ಒಂದು ಎಳೆ ಸಿಕ್ತು. ಅದರ ಪಕ್ಕ ಇನ್ನೊಂದು. ಅವ್ವ ನೂತಿದ್ದು. ಜಾಡು ಕರಗಿತ್ತು, ನೂಲು ಕರಗಿರಲಿಲ್ಲ. ಬಳೆ ಹಂಗೆ ಸುತ್ತ ಹೋಗಿತ್ತು.

ಅಕ್ಕಾ, ಇಲ್ಲಿ ಕೈ ಇಡು ಅಂದ್ಲಂತೆ.

ಕೊನೇ ತುತ್ತು ಮೂವರೂ ಹಂಚಿಕೊಂಡ್ರು. ಅವ್ವನ ಎಳೆ ಮಗ್ಗುಲಿಗೇ ತಮ್ಮ ಎಳೆ ಇಡ್ತಾ ಸುತ್ತಿದ್ರು, ಸುತ್ತಿದ್ರು. ಗೋಡೆಯಿಂದ ಗೋಡೆಗೆ ಸುದ್ದಿ ಹೋಗಿ ಪಕ್ಕದ ಕೋಣೆಯವರೂ ಹಂಗೇ ಮಾಡಿದ್ರಂತೆ. ಸೊಂಟ ಬಿಗಿಯಾಯ್ತು. ನೀರಪ್ಪ ಅತ್ತ ಒತ್ತಿದ, ಇತ್ತ ಒತ್ತಿದ, ಆಗಲಿಲ್ಲ. ಆಮೇಲೆ ಮೇಲಕ್ಕೆ ಒತ್ತಿದ. ಕೋಣೆ ಉದ್ದವಾಯ್ತು. ಮಣ್ಣು ಬಿರೀತು. ಬೆಳಕು ಬಂತು.

ಆ ಬಳ್ಳಿ ಚಪ್ಪರ ಹತ್ತಿ ಕಾಯಿ ಬಿಡ್ತಂತೆ. ಬೇಕಾದಷ್ಟು ಸಕ್ಕರೆ ತಿಂದು, ನೂತುಕೊಂಡು, ಮೂವರೂ ಸುಖವಾಗಿದ್ರಂತೆ.

ಅವ್ವ ವಾಪಸ್ ಬರಲಿಲ್ವಾ ತಾತ?

ಇಲ್ಲ ಮಗ.

ಅಜ್ಜಿ ಹೇಳೋವಾಗ ಬರ್ತಿದ್ಲು.

ಅಜ್ಜಿ ಹೇಳೋವಾಗ ಬರ್ತಿದ್ಲು, ಹೌದು. ಕೌದಿ ಎಳ್ಕೋ. ನಿಮ್ಮಜ್ಜಿ ಹಾಕಿದ ಹೊಲಿಗೆ, ಇನ್ನೂ ಒಂದೂ ಬಿಚ್ಚಿಲ್ಲ ನೋಡು. ಮಲಗು, ಕತೆ ಮುಗೀತು.