ತಿಪ್ಪಯ್ಯನ ಬಿಡುಗಡೆ

"ಹಿರಿಗುಡ್ಡದ ಪ್ರಜೆಗಳೆಲ್ಲ ಕಿವಿಗೊಟ್ಟು ಕೇಳಿ! ಅರಮನೆಯ ಕೆಲಸಕಾರ್ಯ ಕೋಣೆಯಿಂದ ಕೋಣೆಗೆ ತಡೆಯಿಲ್ಲದೆ ಸಾಗುವಂಥ ಯಂತ್ರವನ್ನಾಗಲಿ ಏರ್ಪಾಟನ್ನಾಗಲಿ ಬಲ್ಲವರು ಆಸ್ಥಾನಕ್ಕೆ ಬರಬೇಕು. ರಾಣಿ ಲಿಂಗಾಂಬೆಯವರ ಮೂರು ಒಗಟು ಬಿಡಿಸಿದವರಿಗೆ ಒಂದು ಹಳ್ಳಿ ಉಂಬಳಿ. ಒಂದು ತಪ್ಪಿದರೂ ನೇಣು!"

ಡಂಗುರದವನು ಹೀಗೆ ಸಾರುತ್ತ ಹೋದಾಗ ಮೇದರ ಸಣ್ಣೀರ ಅರಮನೆಯ ಹೆಬ್ಬಾಗಿಲ ಹೊರಗೆ ಕೂತು ಬುಟ್ಟಿ ಹೆಣೆಯುತ್ತಿದ್ದ. ಅವನಪ್ಪ ತಿಪ್ಪಯ್ಯ ಅರಮನೆಯ ಕಾಡಿನಲ್ಲಿ ಬಿದಿರು ಕಡಿದನೆಂದು ಸೆರೆಗೆ ಬಿದ್ದಿದ್ದ. ಕಡಿಯಲು ಅವನಿಗೆ ಅಪ್ಪಣೆಯಿತ್ತೆಂದು ಆಮೇಲೆ ತಿಳಿದು, ರಾಣಿಯೇ "ಬಿಟ್ಟುಬಿಡಿ" ಎಂದಿದ್ದಳು. ಆ ಮಾತು ಓಲೆಯಾಗಿ ಬರೆಯುವವರ ಕೋಣೆಗೆ ಹೋಯಿತು, ಮುದ್ರೆಯವರ ಕೋಣೆಗೆ ಹೋಯಿತು, ಕಾಡಿನ ಅಧಿಕಾರಿಯ ಕೋಣೆಗೆ ಹೋಗಿ ಮತ್ತೆ ಮುದ್ರೆಯವರಲ್ಲಿಗೇ ಬಂತು. ಹೋದ ಸುಗ್ಗಿಯಲ್ಲಿ ಹೊರಟದ್ದು ಈ ಸುಗ್ಗಿ ಬಂದರೂ ಸೆರೆಮನೆ ಮುಟ್ಟಲಿಲ್ಲ. ಕೇಳಿದರೆ ಒಬ್ಬರು "ನಮ್ಮಲ್ಲಿಂದ ಹೋಗಿದೆ" ಅನ್ನುವರು, ಇನ್ನೊಬ್ಬರು "ನಮಗಿನ್ನೂ ಬಂದಿಲ್ಲ" ಅನ್ನುವರು. ಅಪ್ಪನ ಮುಖ ನೋಡಲೂ ಅಪ್ಪಣೆ ಬೇಕಿತ್ತು. ಆ ಅಪ್ಪಣೆಯೂ ಯಾವುದೋ ಕೋಣೆಯಲ್ಲಿತ್ತು. ರಾಣಿಯ ಹತ್ತಿರ ಹೋಗಲು ಕಾವಲುಗಾರರು ಬಿಡುತ್ತಿರಲಿಲ್ಲ.

ಈಗ ಬಿಡಲೇಬೇಕು ಎಂದುಕೊಂಡ ಸಣ್ಣೀರ. ನೇಣಾದರೆ ಆಗಲಿ. ಸಾಯುವ ಮುಂಚೆ ಅಪ್ಪನ ಸಂಗತಿಯೊಂದು ರಾಣಿಯ ಕಿವಿಗೆ ಬಿದ್ದರೆ ಸಾಕು. ಅರ್ಧ ಹೆಣೆದ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದ.

ಆಸ್ಥಾನದಲ್ಲಿ ಇಬ್ಬರು ವರ್ತಕರು ಆಗಲೇ ಸರಕು ಹರಡಿದ್ದರು. ಗುಂಡೋಜಿಯದು ಹಗ್ಗ ಗಾಲಿಗಳ ಯಂತ್ರ. ಒಂದು ಕೋಣೆಯಲ್ಲಿ ಎಳೆದರೆ ಓಲೆ ಮುಂದಿನ ಕೋಣೆಗೆ ಜಾರಿಹೋಗುತ್ತಿತ್ತು. ಪದ್ಮರಾಜ ಸೆಟ್ಟಿಯದು ಬಣ್ಣದ ದೀಪಗಳ ಹಲಗೆ. ಯಾವ ಕೆಲಸ ಯಾವ ಕೋಣೆಯಲ್ಲಿ ನಿಂತಿದೆಯೆಂದು ಸಿಂಹಾಸನದಿಂದಲೇ ಕಾಣುತ್ತಿತ್ತು. ಪ್ರಧಾನಿ ಎರಡನ್ನೂ ತೂಗಿ ನೋಡುತ್ತಿದ್ದ. ಇದು ಬೇಗ, ಅದು ಚೆಂದ. ಇದು ಕೆಟ್ಟರೆ ಸರಿಮಾಡುವವರಾರು, ಅದಕ್ಕೆ ಎಣ್ಣೆ ಎಷ್ಟು ಬೇಕು ಎಂದು ಕೇಳುತ್ತಿದ್ದ.

ರಾಣಿ ಯಾವುದನ್ನೂ ನೋಡಲಿಲ್ಲ. ಬರಗಾಲದಲ್ಲಿ ಗಡಿಯೂರಿಗೆ ಆಕೆ ಕಳಿಸಿದ ಧಾನ್ಯ, ಉಣ್ಣುವವರು ಸತ್ತ ಮೇಲೆ ಮುಟ್ಟಿತ್ತು. ಅದು ತಿಳಿದಂದಿನಿಂದ ಆಕೆ ನಕ್ಕದ್ದನ್ನು ಕಂಡವರಿಲ್ಲ.

"ಮೊದಲನೆಯದು ಕೇಳಿ," ಎಂದಳು. "ಅದಕ್ಕೆ ಕಾಲಿಲ್ಲ, ಆದರೂ ನನ್ನ ಎಲ್ಲ ಕೋಣೆಗೂ ಹೋಗುತ್ತದೆ. ಹುಟ್ಟುವಾಗ ಅಂಗೈಯಗಲ, ಹೋದಲ್ಲೆಲ್ಲ ಮೈ ತುಂಬಿಕೊಳ್ಳುತ್ತದೆ. ಹೊರಗೆ ಬರುವಷ್ಟರಲ್ಲಿ, ಯಾಕೆ ಹೊರಟಿತ್ತೆಂಬುದೇ ಯಾರಿಗೂ ನೆನಪಿರುವುದಿಲ್ಲ. ಏನದು?"

"ಹೊಗೆ, ತಾಯಿ!" ಎಂದ ಗುಂಡೋಜಿ.

"ಹೊಗೆಗೆ ಹೊರಗೆ ಹೋಗುವ ದಾರಿ ಗೊತ್ತಿರುತ್ತದಪ್ಪ," ಎಂದಳು ರಾಣಿ. ಭಟರು ಅವನ ರಟ್ಟೆ ಹಿಡಿದರು.

ಪದ್ಮರಾಜ ಸೆಟ್ಟಿ ಬಹಳ ಹೊತ್ತು ಯೋಚಿಸಿದ. "ಗಾಳಿಸುದ್ದಿ," ಎಂದ.

"ಗಾಳಿಸುದ್ದಿ ಸಂಜೆಯೊಳಗೆ ಊರು ಸುತ್ತುತ್ತದೆ. ನಾನು ಕೇಳಿದ್ದು ವರ್ಷವಾದರೂ ಅರಮನೆಯ ಹೊಸ್ತಿಲು ದಾಟುವುದಿಲ್ಲ." ಅವನನ್ನೂ ಎಳೆದೊಯ್ದರು.

ಪ್ರಧಾನಿ ಸಣ್ಣೀರನತ್ತ ತಿರುಗಿದ. "ನೀನೇನು ತಂದಿದ್ದೀಯ?"

"ಏನೂ ತಂದಿಲ್ಲ, ಬುದ್ಧಿ."

ಆಸ್ಥಾನದವರು ನಕ್ಕರು. ಅವನು ರಾಣಿಯನ್ನೇ ನೋಡಿ, "ಅದು ಅರ್ಜಿ, ತಾಯಿ," ಎಂದ. "ಪ್ರತಿ ಕೋಣೆಯವರೂ ತಮ್ಮದೊಂದು ಓಲೆ ಸೇರಿಸುತ್ತಾರೆ. ಕೊನೆಗೆ ಹೊರೆಯಾಗುತ್ತದೆ, ಒಳಗಿನ ಮನುಷ್ಯ ಕಾಣೆಯಾಗುತ್ತಾನೆ."

ನಗು ನಿಂತಿತು. ರಾಣಿ ಮುಂದಕ್ಕೆ ಬಾಗಿದಳು. "ಒಬ್ಬ ಹೊತ್ತರೆ ಬೆನ್ನು ಮುರಿಯುತ್ತದೆ. ನೂರು ಜನ ಹೊತ್ತರೆ ಯಾರಿಗೂ ಭಾರವಿಲ್ಲ, ಕೆಳಗೆ ಬಿದ್ದರೂ ಯಾರಿಗೂ ತಿಳಿಯುವುದಿಲ್ಲ. ಅದೇನು?"

ತಾನು ಹೋಗಿ ಬೇಡಿಕೊಂಡ ಕೋಣೆಯವರ ಮುಖಗಳೆಲ್ಲ ಸಣ್ಣೀರನ ಕಣ್ಣೆದುರು ಬಂದವು. ಒಬ್ಬರೂ ಕೆಟ್ಟವರಲ್ಲ, ಒಬ್ಬಾಕೆ ಕುಡಿಯಲು ಮಜ್ಜಿಗೆಯನ್ನೂ ಕೊಟ್ಟಿದ್ದಳು.

"ಹೊಣೆ," ಎಂದ ಮೆಲ್ಲಗೆ. "ಇಂಥವರದೇ ಅಂತ ಇದ್ದರೆ ಕಾಲಿಗೆ ಬೀಳಬಹುದು, ಬೈಯಲೂಬಹುದು. ಎಲ್ಲರದೂ ಆದರೆ ಯಾರ ಹತ್ತಿರ ಅಳಲಿ, ತಾಯಿ?"

ರಾಣಿಯ ದನಿ ತಗ್ಗಿತು. "ಕೊನೆಯದು. ಆ ಇಬ್ಬರು ವರ್ತಕರೂ ಬೇರೆ ಬೇರೆ ಸರಕು ತಂದರು. ಇಬ್ಬರ ಸರಕಿನಲ್ಲೂ ಒಂದು ಇರಲಿಲ್ಲ. ನನ್ನ ಪ್ರಧಾನಿ ಎರಡನ್ನೂ ತೂಗಿದ, ಅವನ ತಕ್ಕಡಿಯಲ್ಲೂ ಅದಿಲ್ಲ. ಏನದು?"

"ಕಾಯುತ್ತಿರುವವನು," ಎಂದ ಸಣ್ಣೀರ. "ಓಲೆ ಎಷ್ಟು ಬೇಗ ಹೋಗುತ್ತದೆ ಅಂತ ಕೇಳಿದರು, ಎಲ್ಲಿದೆ ಅಂತ ಕೇಳಿದರು. ಯಾರಿಗೆ ಅಂತ ಕೇಳಲಿಲ್ಲ. ನಮ್ಮಪ್ಪ ತಿಪ್ಪಯ್ಯ ಕಾಯುತ್ತಿದ್ದಾನೆ. ಅವನನ್ನು ಬಿಡಿ ಅಂತ ಹೋದ ಸುಗ್ಗಿಯಲ್ಲಿ ನೀವೇ ಹೇಳಿದಿರಿ."

ರಾಣಿ ಎದ್ದು ನಿಂತಳು. "ಇನ್ನೂ ಬಿಟ್ಟಿಲ್ಲವೆ?"

ಓಲೆ ಬರೆಸುತ್ತೇನೆಂದು ಪ್ರಧಾನಿ ಹೊರಟ. "ಬರೆಸಬೇಡ," ಎಂದು ರಾಣಿ ತಾನೇ ಮೆಟ್ಟಿಲಿಳಿದಳು. ಹಿಂದೆ ಸಣ್ಣೀರ ಓಡಿದ.

ಸೆರೆಮನೆಯ ಮುಖ್ಯಸ್ಥ ಗಡಬಡಿಸಿ ಬಂದು ಕೈಮುಗಿದ. ಹೆಸರು ಕೇಳುತ್ತಲೇ ಅವನ ಮುಖ ಇಳಿಯಿತು. "ಮಳೆ ಹಿಡಿದಾಗಲೇ ಜ್ವರ ಬಂದು ತೀರಿಕೊಂಡ, ತಾಯಿ. ಮಗನಿಗೆ ತಿಳಿಸಿ ಅಂತ ಅಂದೇ ಮೇಲಕ್ಕೆ ಸುದ್ದಿ ಕಳಿಸಿದ್ದೆ."

ಸಣ್ಣೀರ ಗೋಡೆಗೆ ಒರಗಿದ. ಮಳೆಗಾಲ ಕಳೆದು ಚಳಿಯೂ ಬಂದಿತ್ತು. ಇಷ್ಟು ದಿನ ಅವನು ಸತ್ತವನಿಗಾಗಿ ಬಾಗಿಲು ಕಾದಿದ್ದ. ಅಳು ಕೂಡ ಬರಲಿಲ್ಲ.

"ಹಳ್ಳಿ ನಿನ್ನದು," ಎಂದಳು ರಾಣಿ. "ಇನ್ನೇನು ಬೇಕಾದರೂ ಕೇಳು."

"ಬಿಡುಗಡೆಯ ಮಾತು ಸಿಕ್ಕಿಯೂ ಒಳಗಿರುವವರನ್ನು ಈಗಲೇ ಬಿಡಿಸಿ. ಆ ವರ್ತಕರನ್ನೂ. ತಪ್ಪು ಹೇಳಿದ್ದಕ್ಕೆ ಸಾಯುವುದು ಬೇಡ."

ರಾಣಿ ಬಾಗಿಲ ಕಲ್ಲಿನ ಮೇಲೆ ಕೂತು ಒಬ್ಬೊಬ್ಬರ ಹೆಸರನ್ನೂ ತಾನೇ ಕರೆದಳು. ಗುಂಡೋಜಿ, ಸೆಟ್ಟಿ ತಿರುಗಿಯೂ ನೋಡದೆ ಓಡಿದರು. ಉಳಿದವರು ಬಿಸಿಲಿಗೆ ಕಣ್ಣು ಕಿರಿದಾಗಿಸಿ ಹೊರಬಂದರು. ಸತ್ತಿದ್ದಾನೆಂದು ಗೊತ್ತಿದ್ದೂ ಸಣ್ಣೀರ ಪ್ರತಿಯೊಂದು ಮುಖದಲ್ಲೂ ಅಪ್ಪನನ್ನು ಹುಡುಕಿದ.

ಕೊನೆಗೆ ಒಬ್ಬ ಮುದುಕ ಬಂದ. ಅಂಗಳದಲ್ಲಿ ನಿಂತು, ಯಾವ ಕಡೆ ಹೋಗಬೇಕೆಂದು ತೋಚದೆ ಸುತ್ತ ನೋಡಿದ.

"ನಿನಗೆ ಯಾರಿದ್ದಾರೆ, ತಾತ?" ಎಂದು ಸಣ್ಣೀರ ಕೇಳಿದ.

"ಒಳಗೆ ಬರುವಾಗ ಇದ್ದರಪ್ಪ," ಎಂದ ಮುದುಕ.

ಸಣ್ಣೀರ ಅವನ ಕೈ ಹಿಡಿದುಕೊಂಡ. ಉಂಬಳಿಯ ಹಳ್ಳಿ ಯಾವ ದಿಕ್ಕಿಗಿದೆಯೆಂದು ಕಾವಲುಗಾರನನ್ನು ಕೇಳಿಕೊಂಡು, ಮುದುಕನ ಹೆಜ್ಜೆಗೆ ಹೆಜ್ಜೆ ಹೊಂದಿಸುತ್ತ ಆ ಕಡೆಗೆ ನಡೆದ.