ಮೇಲೆ ಕೂರೋ ರೀಲು, ಕೆಳಗೆ ತೂಗೋ ರೀಲು

ನಡುನಡುವೆ ಯಾರಾದ್ರೂ ಒಬ್ಬರು ಹೂಂ ಅಂತಿರಿ, ಇಲ್ಲದಿದ್ರೆ ನನಗೆ ಕತೆ ಮುಂದಕ್ಕೆ ಹೋಗೋದಿಲ್ಲ.

ಹೊಳೆ ದಂಡೆ ಮೇಲೆ ಮಡುವಿನಕೊಪ್ಪಲು ಅಂತ ಒಂದು ಊರು. ಅಲ್ಲಿ ಚೌಡವ್ವ ಅಂತ ಒಬ್ಬಳು, ಮಂಕರಿ ಹೊತ್ತು ಮೀನು ಮಾರೋಳು. ಅವಳಿಗೆ ಒಬ್ಬನೇ ಮಗ, ಹೆಸರು ಅಂಕ. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಸುಳ್ಳು ಗೊತ್ತಿಲ್ಲ, ಸೋಮಾರಿತನ ಗೊತ್ತಿಲ್ಲ. ಇದ್ದಿದ್ದು ಒಂದೇ ಕುಂದು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ‘ಬಾಗಿಲು ನೋಡ್ಕೊಂಡಿರ್ಲಾ’ ಅಂತ ಹೇಳಿ ಹೋದ್ರೆ ಸಂಜೆ ತನಕ ಬಾಗಿಲನ್ನೇ ನೋಡ್ತಾ ಕೂತಿರೋನು. ಹಿತ್ತಿಲ ಕಡೆಯಿಂದ ಬೆಕ್ಕು ಬಂದು ಮೀನೆಲ್ಲ ತಿಂದು ಹೋಗಿರೋದು.

“ಬೆಕ್ಕು ಬಂದಿದ್ದು ಕಾಣ್ಲಿಲ್ವೇನ್ಲಾ?”

“ಕಾಣ್ತು ಕಣವ್ವ. ಬಾಗಿಲು ನೋಡು ಅಂದಿದ್ದೆ, ಬೆಕ್ಕು ನೋಡು ಅಂದಿರ್ಲಿಲ್ವಲ್ಲ!”

ಚೌಡವ್ವ ಖಾಲಿ ಮಂಕರಿ ಮೇಲೆ ಕೂತು ಅಳೋಳು. ಅವ್ವ ಅಳೋದು ನೋಡಿ ಅಂಕನಿಗೂ ಅಳು ಬರೋದು.

ಚೌಡವ್ವನ ಅಣ್ಣ ಮಾರಯ್ಯ ಅದೇ ಊರಿನಲ್ಲಿದ್ದ. ಹೊಳೇಲಿ ಅವನಷ್ಟು ಮೀನು ಹಿಡಿದೋರು ಇಲ್ಲ. ಅವನ ಮಗಳು ಮಲ್ಲಾಜಿ. ಅಂಕನಿಗೆ ಮಲ್ಲಾಜಿ ಅಂದ್ರೆ ಪ್ರಾಣ. ಆದ್ರೆ ಬನ್ನೂರಿನ ಕಡೆಯಿಂದ ಯಾರೋ ಹೆಣ್ಣು ಕೇಳೋಕೆ ಹುಣ್ಣಿಮೆ ದಿನ ಬರ್ತೀವಿ ಅಂತ ಹೇಳಿ ಕಳಿಸಿದ್ರು. ಚೌಡವ್ವ ಅಣ್ಣನ ಮುಂದೆ ಸೆರಗೊಡ್ಡಿ, ಮಲ್ಲಾಜಿಯನ್ನ ಅಂಕನಿಗೇ ಕೊಡು ಅಂತ ಕೇಳಿದಳು.

ಮಾರಯ್ಯ ಗಡ್ಡ ಕೆರಕೊಂಡ. “ನೋಡು ಚೌಡಿ, ಬಂಡೆ ಮಡುವಿನಲ್ಲಿ ಬಲೆ ಹಾಕಿದ್ರೆ ಹರಿದು ಹೋಯ್ತದೆ. ಗಾಳ ಹಾಕಿಯೇ ಹಿಡೀಬೇಕು. ನಿನ್ನ ಮಗ ಹುಣ್ಣಿಮೆಯೊಳಗೆ ಅಲ್ಲಿಂದ ಒಂದೇ ಒಂದು ಮೀನು ದಡಕ್ಕೆ ಎಳೆದು ಹಾಕ್ಲಿ, ಹುಡುಗಿ ಕೊಟ್ಟೆ. ಪ್ಯಾಟೇಲಿ ಗಾಳದ ಕೋಲಿಗೆ ಕಟ್ಟೋ ರೀಲು ಬಂದವೆ, ಎರಡು ಥರ. ತಿರುಗಿಸಿದ್ರೆ ದಾರ ತಾನೇ ಸುತ್ಕೊಳ್ತದೆ. ಒಂದು ತರ್ಸು.”

ಮಾರನೇ ದಿನ ಚೌಡವ್ವ ಕೂಡಿಟ್ಟಿದ್ದ ದುಡ್ಡನ್ನ ಮಗನ ಜೇಬಿಗೆ ಹಾಕಿ ಹೇಳಿದಳು: “ಎರಡು ಥರ ಅದೆಯಂತೆ ಕಣ್ಲಾ. ಎರಡನ್ನೂ ಕೈಲಿ ಹಿಡಿದು ನೋಡು. ಯಾವುದು ಹಗುರವೋ ಅದನ್ನ ತಗೊಂಡು ಬಾ.”

“ಹಗುರ ಇರೋದು. ಆಯ್ತು ಕಣವ್ವ!”

ಪ್ಯಾಟೇಲಿ ಗಾಳ, ಬಲೆ ಮಾರೋ ಅಂಗಡಿ ಖಲೀಲ್ ಸಾಬರದು. ಒಳ್ಳೇ ಮನುಷ್ಯ. ಎರಡು ರೀಲನ್ನೂ ತೆಗೆದು ಮುಂದಿಟ್ಟರು.

“ನೋಡಪ್ಪ, ಇದು ಬೇಟ್‌ಕಾಸ್ಟಿಂಗ್. ಕೋಲಿನ ಮೇಲೆ ಕೂತ್ಕೊಳ್ತದೆ. ದೊಡ್ಡ ಮೀನಿಗೆ, ಪಳಗಿದ ಕೈಗೆ. ಇದು ಸ್ಪಿನ್ನಿಂಗ್. ಕೋಲಿನ ಕೆಳಗೆ ತೂಗಾಡ್ತದೆ. ಹೊಸಬರಿಗೆ ಸಲೀಸು. ಯಾವುದು ಕೊಡ್ಲಿ?”

ಅಂಕ ಮೇಲೆ ಕೂರೋದನ್ನ ಎತ್ತಿ ನೋಡಿದ. ಕೆಳಗೆ ತೂಗೋದನ್ನ ಎತ್ತಿ ನೋಡಿದ. ಪಕ್ಕದಲ್ಲಿ ಅವು ಬಂದಿದ್ದ ರಟ್ಟಿನ ಡಬ್ಬ ಬಿದ್ದಿತ್ತು, ಅದನ್ನೂ ಎತ್ತಿ ನೋಡಿದ. ಮುಖ ಅರಳಿತು.

“ಇದು ಕೊಡಿ ಸಾಬ್ರೇ!”

“ಅದು ಖಾಲಿ ಡಬ್ಬ ಕಣಪ್ಪ!”

“ಅದಕ್ಕೇ ಹಗುರ ಅದೆ!”

ಸಾಬರು ಎಷ್ಟು ಹೇಳಿದ್ರೂ ಕೇಳಲಿಲ್ಲ. ಡಬ್ಬ ಪುಕ್ಕಟೆ ಸಿಕ್ತು ಅಂತ ಕುಣೀತಾ ಮನೆಗೆ ಬಂದ. ಚೌಡವ್ವ ಡಬ್ಬ ತೆಗೆದಳು. ಒಳಗೆ ಕೈ ಹಾಕಿದಳು. ತಲೆಕೆಳಗು ಮಾಡಿ ಬಡಿದಳು.

“ಅಯ್ಯೋ ಬೆಪ್ಪೇ! ಸಾಮಾನು ತರೋಕೆ ಮುಂಚೆ ಬಿಚ್ಚಿ, ಒಳಗೆ ಏನದೆ ಅಂತ ನೋಡಬಾರದೇನ್ಲಾ!”

“ಈ ಸಲ ಬಿಚ್ಚಿ ನೋಡ್ತೀನಿ ಕಣವ್ವ!”

ಮತ್ತೆ ಪ್ಯಾಟೆಗೆ ಹೋದ. ಖಲೀಲ್ ಸಾಬರು ನಕ್ಕು, ತಾವೇ ಸ್ಪಿನ್ನಿಂಗ್ ರೀಲು ಆರಿಸಿ ಅವನ ಕೈಗಿಟ್ಟರು. “ಇದು ನಿನಗೆ ಸರಿ. ನೋಡ್ತಿರು, ಟೀ ಹೇಳಿ ಬರ್ತೀನಿ” ಅಂತ ಆಚೆ ಹೋದರು. ಟೀ ಹಿಡ್ಕೊಂಡು ಒಳಗೆ ಬಂದರೆ ಏನಿದೆ! ನೆಲದ ಮೇಲೆ ಸಾಲಾಗಿ ಸ್ಕ್ರೂ, ಸ್ಪ್ರಿಂಗು, ಹಲ್ಲಿನ ಚಕ್ರ, ವಾಷರು, ಹಿಡಿ. ನಡುವೆ ಅಂಕ ಸಾಬರದೇ ಸ್ಕ್ರೂಡ್ರೈವರ್ ಹಿಡಿದು ಬೆವರ್ತಾ ಕೂತಿದ್ದಾನೆ.

“ಏನಯ್ಯ ಮಾಡ್ದೆ!”

“ಬಿಚ್ಚಿ ನೋಡ್ದೆ ಸಾಬ್ರೇ. ಒಳಗೆ ಸುಮಾರು ಅದೆ. ಡಬ್ಬದ ಥರ ಅಲ್ಲ!”

ಸಾಬರ ಕೈಲಿದ್ದ ಟೀ ಚೆಲ್ಲಿತು. “ಯಾ ಅಲ್ಲಾ! ಇದನ್ನ ಜೋಡ್ಸೋಕೆ ನಂಗೆ ನಾಲ್ಕು ದಿನ ಬೇಕು! ಆ ಮೇಲೆ ಕೂರೋದನ್ನೇ ತಗೊಂಡು ಹೋಗು ಮಾರಾಯ. ಬಿಚ್ಚಬೇಡ! ಮತ್ತೆ ಒಂದು ಮಾತು ಕೇಳ್ಕೋ. ಈ ದಾರದ ಉರುಳೆ ಮೇಲೆ ಹೆಬ್ಬೆಟ್ಟು ಇರಬೇಕು. ಹೆಬ್ಬೆಟ್ಟು ತೆಗೆದ್ಯೋ, ಕೆಟ್ಟೆ!” ಅಂತ ಒಂದು ಗಾಳದ ಕೋಲಿಗೆ ರೀಲು ಬಿಗಿದು ಕೊಟ್ಟರು.

ಅಂಕ ಹೆಬ್ಬೆಟ್ಟು ಇಟ್ಟ. ಬಸ್ ಹತ್ತಿದ, ಹೆಬ್ಬೆಟ್ಟು ತೆಗೀಲಿಲ್ಲ. ಕಂಡಕ್ಟರ್ ಟಿಕೀಟು ಅಂದ್ರೆ, “ನೀವೇ ಜೇಬಿಗೆ ಕೈ ಹಾಕ್ಕೊಳಿ ಸಾಮಿ, ನಾನು ಕೆಟ್ಟೋಯ್ತೀನಿ” ಅಂದ. ಮನೆಗೆ ಬಂದ, ಹೆಬ್ಬೆಟ್ಟು ತೆಗೀಲಿಲ್ಲ. ಅವ್ವ ಮುದ್ದೆ ಮುರಿದು ಬಾಯಿಗೆ ಹಾಕಿದಳು. ಮಲಗಿದ, ಕೋಲು ಪಕ್ಕದಲ್ಲಿ, ಹೆಬ್ಬೆಟ್ಟು ಉರುಳೆ ಮೇಲೆ. ಚೌಡವ್ವ ಬೇಡ್ಕೊಂಡಳು, ಬೈದಳು. ಊಹೂಂ! ಬೆಳಿಗ್ಗೆ ಮಾವ ಬಂದ. ಹಿರಿಯರು ಬಂದ್ರೆ ಕೈ ಮುಗೀಬೇಕಲ್ಲ? ಹೆಬ್ಬೆಟ್ಟು ತೆಗೀದೆ ಕೈ ಮುಗಿದ. ಕೋಲು ಗಿರ್ರನೆ ತಿರುಗಿ ಮಾವನ ಕೆನ್ನೆಗೆ ಫಟಾರ್ ಅಂತ ಬಿತ್ತು!

ಮಾರಯ್ಯ ಕೆನ್ನೆ ಉಜ್ಜಿಕೊಂಡ. “ತಲೆ ಕೆಟ್ಟವನೇ! ಬಾರ್ಲಾ ಹೊಳೆಗೆ, ತೋರಿಸ್ತೀನಿ” ಅಂತ ರಟ್ಟೆ ಹಿಡಿದು ಎಳ್ಕೊಂಡು ಹೋದ. “ನೀರಿನ ಕಡೆ ತಿರುಗು. ಕೋಲು ಬೀಸು. ಬೀಸೋವಾಗ ಹೆಬ್ಬೆಟ್ಟು ಬಿಡು!”

ಅಂಕ ಬೀಸಿದ. ಹೆಬ್ಬೆಟ್ಟು ಬಿಟ್ಟ. ಬಿಟ್ಟಿದ್ದು ಬಿಟ್ಟಿದ್ದೇ, ಮತ್ತೆ ಇಡಲೇ ಇಲ್ಲ. ಹುಳು ಸಿಕ್ಕಿಸಿದ ಗಾಳ ಕಾಲ ಮುಂದೆಯೇ ಬಿತ್ತು. ಉರುಳೆ ಮಾತ್ರ ಬರ್ರೋ ಅಂತ ಸುತ್ತಿ ಸುತ್ತಿ, ದಾರವೆಲ್ಲ ಉಕ್ಕಿ, ಸಿಕ್ಕು ಸಿಕ್ಕಾಗಿ ಆಚೆ ಬಂತು.

“ನೀರಿಗೆ ಬೀಳ್ತಿದ್ದಂಗೆ ಮತ್ತೆ ಒತ್ತಬೇಕು ಕಣ್ಲಾ, ಅಷ್ಟೂ ತಿಳೀದಾ!” ಮಾವ ಹಣೆ ಚಚ್ಚಿಕೊಂಡ. “ಥೂ! ಒಳ್ಳೇ ರೀಲನ್ನ ಗುಬ್ಬಚ್ಚಿ ಗೂಡು ಮಾಡ್ಬಿಟ್ಟಲ್ಲೋ! ಕೂತ್ಕೊಂಡು ಕಾಯ್ತಾ ಇರು ಈಗ ಅದನ್ನ!” ಅಂತ ದಾಪುಗಾಲು ಹಾಕಿ ಹೊರಟುಹೋದ.

ಅಂಕ ರೀಲು ನೋಡಿದ. ಹೌದಲ್ಲ, ಗುಬ್ಬಚ್ಚಿ ಗೂಡೇ! ಕೋಲು ಸಮೇತ ಹುಣಸೆ ಮರಕ್ಕೆ ಹತ್ತಿಸಿ ಕಟ್ಟಿದ. ಗೂಡಿನ ಪಕ್ಕ ಒಂದು ಹಿಡಿ ರಾಗಿ ಇಟ್ಟ, ಕರಟದಲ್ಲಿ ನೀರಿಟ್ಟ. ಕೆಳಗೆ ಕೂತು ಕಾದ. ಒಂದು ದಿನ ಕಾದ, ಎರಡು ದಿನ ಕಾದ, ಮೂರು ದಿನ ಕಾದ. ಊಟದ ಹೊತ್ತಿಗೆ ಮನೆಗೆ ಓಡಿ ಬರೋನು, ಉಂಡು ಮತ್ತೆ ಓಡೋನು. ಮೀನು ಹಿಡಿಯೋದು ಕಲೀತಾವ್ನೆ ಅಂತ ಚೌಡವ್ವನಿಗೆ ಖುಷಿ. ನಾಲ್ಕನೇ ದಿನ ನೋಡೋಣ ಅಂತ ತಾನೇ ಬಂದಳು.

“ಎಷ್ಟು ಮೀನಾಯ್ತೋ ಮಗನೇ?”

“ಶ್! ಮೆತ್ತಗೆ ಕಣವ್ವ! ಇನ್ನೂ ಮೊಟ್ಟೆ ಇಟ್ಟಿಲ್ಲ!”

ಚೌಡವ್ವ ಮೇಲೆ ನೋಡಿದಳು. ಮರದ ಬುಡಕ್ಕೆ ಒರಗಿ ಕೂತುಬಿಟ್ಟಳು. “ನಾಳೆ ಹುಣ್ಣಿಮೆ ಕಣಪ್ಪ. ಮಲ್ಲಾಜಿ ಬನ್ನೂರಿಗೆ ಹೋಯ್ತಾಳೆ” ಅಂದಳು. ಅಂಕ ಗೂಡು ನೋಡೋದು ಬಿಟ್ಟು ಅವ್ವನ ಕಡೆ ತಿರುಗಿದ. “ಹೋಗೋದು ಬ್ಯಾಡ ಕಣವ್ವ” ಅಂದ. ಅಷ್ಟೇ ಅಂದಿದ್ದು. ಆದ್ರೆ ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನ ಅವಳು ಯಾವತ್ತೂ ಕೇಳಿರಲಿಲ್ಲ. ಎದ್ದಳು, ಮರದಿಂದ ಕೋಲು ಇಳಿಸಿದಳು, ಮಗನ ಕೈ ಹಿಡಿದು ನೇರ ಪ್ಯಾಟೆಗೆ ನಡೆದಳು.

ಖಲೀಲ್ ಸಾಬರು ಸಿಕ್ಕು ನೋಡಿದರು, ರಾಗಿ ಕಾಳು ಉದುರಿದ್ದು ನೋಡಿದರು. ಅದನ್ನ ಬಿಚ್ಚಿ ಒಳಗಿಟ್ಟು, ಜೋಡಿಸಿದ್ದ ಸ್ಪಿನ್ನಿಂಗ್ ರೀಲನ್ನ ಕೋಲಿನ ಕೆಳಗೆ ಬಿಗಿದರು. “ತಾಯಿ, ನಿಮ್ಮ ಹುಡುಗನಿಗೆ ಇದೇ. ಹೆಬ್ಬೆಟ್ಟಿನ ಗೊಡವೆ ಇಲ್ಲ. ಈ ತಂತಿ ಎತ್ತಿ ಎಸೆಯೋದು, ಇಳಿಸಿ ಹಿಡಿಯೋದು. ಇನ್ನು ಯಾವ ಬುದ್ಧಿಮಾತೂ ಹೇಳಬೇಡಿ ಅವನಿಗೆ!”

ಹುಣ್ಣಿಮೆ ದಿನ ಬೆಳಿಗ್ಗೆ ಬಂಡೆ ಮಡುವಿನ ಹತ್ರ ನಾಲ್ಕೇ ಜನ. ಚೌಡವ್ವ ಸೆರಗು ಕಚ್ಚಿ ನಿಂತಿದ್ದಾಳೆ. ಮಲ್ಲಾಜಿ ಬಂಡೆ ಮೇಲೆ ಕೂತಿದ್ದಾಳೆ. ಮಾರಯ್ಯ ನೀರಿನ ಪಕ್ಕದ ಹೊಂಗೆ ಮರಕ್ಕೆ ಒರಗಿ ಬೀಡಿ ಹಚ್ಚಿದ್ದಾನೆ. ಅಂಕ ತಂತಿ ಎತ್ತಿ ಬೀಸಿದ. ಏನು ಹೇಳ್ಲಿ! ಗಾಳ ಸುಯ್ಯಂತ ಹೋಗಿ ಮಡುವಿನ ನಟ್ಟನಡುವೆ ಬಿತ್ತು. ಮಾರಯ್ಯನ ಬೀಡಿ ಬಾಯಲ್ಲೇ ನಿಂತಿತು.

ಸ್ವಲ್ಪ ಹೊತ್ತಿಗೆಲ್ಲ ಕೋಲು ಬಿಲ್ಲಿನ ಹಾಗೆ ಬಾಗಿತು.

“ಮಾವ! ಎಳೀತಾ ಅದೆ!”

“ದೊಡ್ಡದು ಕಣ್ಲಾ! ಜೋಪಾನ! ಅದು ಎಳೆದ್ರೆ ಬಿಡು, ಅದು ನಿಂತ್ರೆ ಸುತ್ತು!”

ಮೀನು ಎಳೀತು. ಅಂಕ ದಾರ ಬಿಟ್ಟ. ಮೀನು ನಿಂತಿತು.

“ಸುತ್ಲಾ! ಸುತ್ತು!”

ಏನನ್ನ ಸುತ್ತೋದು? ಅಂಕ ಆ ಕಡೆ ನೋಡಿದ, ಈ ಕಡೆ ನೋಡಿದ. ಸುತ್ತೋಕೆ ಅಂತ ಅಲ್ಲಿದ್ದಿದ್ದು ಹೊಂಗೆ ಮರ ಒಂದೇ. ಕೋಲು ಎತ್ತಿ ಹಿಡಿದು ಮರವನ್ನ ಸುತ್ತಿದ. ಮರಕ್ಕೆ ಒರಗಿದ್ದ ಮಾವನ ಎದೆ ಮೇಲೆ ದಾರ ಬಿಗೀತು.

“ಏ! ಏ! ಇದೇನ್ಲಾ! ನಿಂತ್ಕೊಳ್ಳಲಾ!”

ಅಂಕ ನಿಂತ. ನಿಂತ ಮೇಲೆ ಜ್ಞಾಪಕ ಬಂತು, ನಿಂತ್ರೆ ಸುತ್ತಬೇಕಲ್ಲ! ಮತ್ತೆ ಸುತ್ತಿದ.

“ನಿಂತ್ಕೋ ಅಂದ್ರೆ!”

ನಿಂತ. ಸುತ್ತಿದ.

“ಲೇ, ನಿಲ್ಲೋ!”

ನಿಂತ. ಸುತ್ತಿದ. ಸುತ್ತು ಏರಿದ ಹಾಗೆಲ್ಲ ದಾರ ಮರಕ್ಕೆ ಸುತ್ತಿಕೊಳ್ತಾ ಹೋಯ್ತು, ಮೀನು ದಡಕ್ಕೆ ಹತ್ರ ಹತ್ರ ಬಂತು. ಒಂಬತ್ತನೇ ಸುತ್ತಿಗೆ ತೊಡೆ ಗಾತ್ರದ ಕಾಟ್ಲಾ ಮೀನು ಮರಳ ಮೇಲೆ ಬಂದು ಬಿತ್ತು, ಪಟಪಟ ಬಾಲ ಬಡೀತಾ! ಮಾರಯ್ಯ ಕತ್ತಿನಿಂದ ಮೊಣಕಾಲ ತನಕ ಮರಕ್ಕೆ ಅಂಟಿಕೊಂಡಿದ್ದ. ಬೀಡಿ ಆರಿಹೋಗಿತ್ತು.

ಮಲ್ಲಾಜಿ ಬಂಡೆಯಿಂದ ಧುಮುಕಿ ಬಂದಳು. ನಗು ತಡೆಯೋಕೆ ಆಗದೆ ಕಣ್ಣಲ್ಲಿ ನೀರು. “ಅಪ್ಪ! ಭಾವ ಮೀನು ದಡಕ್ಕೆ ಹಾಕಿದ್ದಾಯ್ತು. ಕೊಟ್ಟ ಮಾತು ಏನಾಯ್ತು?”

“ಇಂಥ ಪೆದ್ದನಿಗೆ ನಿನ್ನ…”

“ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ. ಇನ್ಮೇಲೆ ಹೇಳೋಳು ನಾನು. ನೀನು ಹೇಳು, ಕೊಡ್ತೀಯೋ ಇಲ್ವೋ? ನಾವು ಹೀಗೇ ಮನೆಗೆ ಹೋಗೋಣ್ವೋ?”

ಇರುವೆ ಸಾಲೊಂದು ಮಾರಯ್ಯನ ಕಾಲು ಹತ್ತುತ್ತಿತ್ತು.

“ಕೊಟ್ಟೆ! ಕೊಟ್ಟೆ ಕಣವ್ವ! ಚೌಡಿ, ಕೇಳಿಸ್ಕೊಂಡ್ಯಾ, ಕೊಟ್ಟೆ! ಲೋ ಅಂಕ, ನೋಡ್ತಾ ನಿಂತ್ಯಲ್ಲೋ, ಬೇಗ ಬಿಡಿಸೋ! ಉಸಿರು ಕಟ್ತಾ ಅದೆ, ಬಿಡಿಸೋ!”

ಅಂಕನಿಗೆ ಅಯ್ಯೋ ಅನ್ನಿಸಿತು. ಪಾಪ, ನಿಜವಾಗ್ಲೂ ಉಸಿರು ಕಟ್ತಾ ಇದೆ, ಬಾಯಿ ಬಿಟ್ಟು ಬಿಟ್ಟು ಮುಚ್ಚುತ್ತಾ ಇದೆ. ಮಂಡಿಯೂರಿ ಕೂತ. ನೋವಾಗದ ಹಾಗೆ ಮೀನಿನ ತುಟಿಯಿಂದ ಗಾಳ ಬಿಡಿಸಿದ. ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ ಮೆಲ್ಲಗೆ ಮಡುವಿಗೆ ಬಿಟ್ಟ. ಬಾಲ ಒಂದು ಸಲ ಮಿಂಚಿತು, ಮೀನು ಹೋಯ್ತು.

ಒದ್ದೆ ಕೈ ಪಂಚೆಗೆ ಒರೆಸಿಕೊಂಡು ಮಾವನ ಮುಂದೆ ಬಂದು ನಿಂತ.

“ಬಿಡಿಸ್ದೆ ಮಾವ. ಈಗ ಅದಕ್ಕೆ ಉಸಿರು ಸಲೀಸಾಯ್ತು. ನಾವಿನ್ನು ಮನೆಗೆ ಹೋಗೋಣ್ವಾ?”